ತೊಟ್ಟಿ ಕೇಳಿದವರಿಗೆ ಬಾವಿ

ಅವರು ಕೇಳಿದ್ದು ಒಂದು ತೊಟ್ಟಿ. ಕಲ್ಲಿನದ್ದು, ಮೇಲೆ ಮುಚ್ಚಳ, ಕೆಳಗೆ ಎರಡು ನಲ್ಲಿ. ಅಷ್ಟೇ. ಅವರ ಅರ್ಜಿಯನ್ನು ಮಲಯಾಳದಿಂದ ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿದವಳು ನಾನೇ ಆದ್ದರಿಂದ ಇದನ್ನು ಆಣೆ ಇಟ್ಟು ಹೇಳಬಲ್ಲೆ. ಬಾವಿ ಎಂಬ ಶಬ್ದ ಆ ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ.

ಅರುವತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮವರಿಗೆ ಬ್ಯಾಂಕಿನಲ್ಲಿ ಎರ್ನಾಕುಲಕ್ಕೆ ಟ್ರಾನ್ಸ್‌ಫರ್ ಆಗಿ, ಎಡಪ್ಪಳ್ಳಿಯಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೆವು. ಆಗಿನ ಎಡಪ್ಪಳ್ಳಿಯಲ್ಲಿ ಸಂಜೆಯಾದರೆ ಕಪ್ಪೆಗಳದ್ದೇ ಟ್ರಾಫಿಕ್. ನಾನು ಒಂದು ಟ್ರಸ್ಟಿನಲ್ಲಿ ಫೀಲ್ಡ್ ವರ್ಕರ್. ಹೊರದೇಶದ ದಾನಿಗಳು ಕಳುಹಿಸಿದ ಹಣವನ್ನು ಹಳ್ಳಿಗಳ ಮಹಿಳಾ ಸಮಾಜಗಳಿಗೆ, ಊರಿನ ಆರೋಗ್ಯಕ್ಕೆ ಬೇಕಾದ ಸಣ್ಣಪುಟ್ಟ ಕೆಲಸಗಳಿಗಾಗಿ ಹಂಚುವುದು ಟ್ರಸ್ಟಿನ ಉದ್ದೇಶ. ‘ಸ್ಮಾಲ್ ಗ್ರಾಂಟ್ಸ್’ ಎಂದು ಅದಕ್ಕೆ ಹೆಸರು. ಹೆಡ್ ಆಫೀಸು, ಕಮಿಟಿ, ಸೆಕ್ರೆಟರಿ ಎಲ್ಲ ತಿರುವನಂತಪುರದಲ್ಲಿ. ಕೊಚ್ಚಿಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಟೈಪ್‌ರೈಟರ್ ಮತ್ತು ನಾನು.

ಅರ್ಜಿ ಬಂದದ್ದು ಹಿನ್ನೀರಿನ ನಡುವಿನ ಒಂದು ದ್ವೀಪದಿಂದ. ಹೆಸರು ಬೇಡ. ಅಲ್ಲಿ ನಾಲ್ಕು ದಿಕ್ಕಿಗೂ ನೀರು. ಆದರೆ ಅಕ್ಕಿ ಬೇಯಬೇಕಾದರೆ ನೀರು ದೋಣಿಯಲ್ಲಿ ಬರಬೇಕು. ಸರಕಾರದ ನೀರಿನ ದೋಣಿ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ದೋಣಿ ಎಂದರೆ ತೆರೆದ ಮರದ ಹೊಟ್ಟೆ, ಅದರ ತುಂಬ ಹೊಳೆಯ ಸಿಹಿನೀರು. ಹೆಂಗಸರು ಅದರೊಳಗೆ ಇಳಿದು, ಮೊಣಕಾಲವರೆಗೆ ನೀರಿನಲ್ಲಿ ನಿಂತು, ಕೊಡ ಅದ್ದಿ ತುಂಬಿಸಿಕೊಳ್ಳುವುದು. ಸಿಗಡಿ ಸುಲಿಯುವ ಶೆಡ್ಡಿಗೆ ಕೂಲಿಗೆ ಹೋದವರಿಗೆ ಅದೂ ತಪ್ಪುತ್ತಿತ್ತು.

ಮಹಿಳಾ ಸಮಾಜದ ಅಧ್ಯಕ್ಷೆಯನ್ನು ಇಡೀ ದ್ವೀಪ ಚೇಡತ್ತಿ ಎನ್ನುತ್ತಿತ್ತು; ಹಿರಿಯ ಕ್ರೈಸ್ತ ಹೆಂಗಸರನ್ನು ಅಲ್ಲಿ ಹಾಗೆ ಕರೆಯುವುದು. ಚಟ್ಟೆ ಎನ್ನುವ ಬಿಳಿ ಸಡಿಲ ರವಿಕೆ, ಬಿಳಿ ಮುಂಡು, ಕಿವಿಯಲ್ಲಿ ದಪ್ಪ ಬಂಗಾರದ ಬಳೆ, ಬಾಯಲ್ಲಿ ಯಾವಾಗಲೂ ವೀಳ್ಯ. ನನ್ನನ್ನು ‘ಕೊಚ್ಚಮ್ಮ’ ಎನ್ನುತ್ತಿದ್ದರು. ಅದು ದೊಡ್ಡ ಮನೆಯ ಯಜಮಾನತಿಗೆ ಹೇಳುವ ಮಾತು. ನನಗೆ ಹೇಳುವಾಗ ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಕೊನೆಯವರೆಗೂ ತಿಳಿಯಲಿಲ್ಲ.

“ನೋಡಿ ಕೊಚ್ಚಮ್ಮೇ, ನಾವು ಮೊದಲು ಆ ನೀರಲ್ಲಿ ಕಾಲು ತೊಳೀತೇವೆ, ಆಮೇಲೆ ಅದನ್ನೇ ಕುಡೀತೇವೆ. ಮಕ್ಕಳ ಹೊಟ್ಟೆ ಹಾಳಾಗದೆ ಇನ್ನೇನಾಗ್ತದೆ? ಜೆಟ್ಟಿಯ ಹತ್ತಿರ ಒಂದು ತೊಟ್ಟಿ ಕಟ್ಟಿಕೊಡಿ. ದೋಣಿಯವನು ಬಂದು ಪೈಪ್ ಹಾಕಿ ತುಂಬಿಸಿ ಹೋಗ್ಲಿ. ನಾವು ಕೂಲಿ ಮುಗಿಸಿ ಬಂದು ನಲ್ಲಿ ತಿರುಗಿಸ್ತೇವೆ.”

ಇದಕ್ಕಿಂತ ಸೆನ್ಸಿಬಲ್ ಆದ ಅರ್ಜಿ ನನ್ನ ಕೈಗೆ ಬಂದದ್ದಿಲ್ಲ. ಅಂದಾಜುಪಟ್ಟಿ ಹಾಕಿಸಿ, ಮೂರು ಪ್ರತಿ ಮಾಡಿ ತಿರುವನಂತಪುರಕ್ಕೆ ಕಳುಹಿಸಿದೆ. ಕಮಿಟಿ ಮೀಟಿಂಗಿಗೆ ನನ್ನನ್ನೂ ಕರೆದರು.

ಸೆಕ್ರೆಟರಿ ಮೇಡಂ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರ ಹೆಂಡತಿ. ಗಂಜಿ ಹಾಕಿದ ಕಾಟನ್ ಸೀರೆ, ಅದರಷ್ಟೇ ಗರಿಗರಿಯಾದ ಇಂಗ್ಲಿಷು. ಅವರೂ ಕಾನ್ವೆಂಟ್, ನಾನೂ ಕಾನ್ವೆಂಟ್. ಇಬ್ಬರ ಅಕ್ಷರವೂ ಒಂದೇ ಕಡೆಗೆ ವಾಲಿಕೊಂಡಿರುತ್ತಿತ್ತು. ಅರ್ಜಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಕೇಳಿದರು, “ತೊಟ್ಟಿ? ತೊಟ್ಟಿ ಅಂದರೆ ಡಿಪೆಂಡೆನ್ಸ್. ಎಷ್ಟು ದಿನ ಇವರು ಸರಕಾರದ ದೋಣಿಯ ದಾರಿ ಕಾಯುವುದು? ಒಂದು ಬಾವಿ ಕೊಡೋಣ. ದಟ್ ಈಸ್ ಸೆಲ್ಫ್ ಹೆಲ್ಪ್.”

ಕಮಿಟಿಯವರೆಲ್ಲ ತಲೆದೂಗಿದರು. ನಾನು ಎದ್ದು ನಿಂತೆ. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹತ್ತಿರ, ಹೊಳೆ ಕಡಲು ಸೇರುವ ಕಡೆ. ಉಪ್ಪುನೀರು ಬಾವಿಗೆ ಹೇಗೆ ಬರುತ್ತದೆಂದು ಓದಿ ತಿಳಿದವಳಲ್ಲ, ಕುಡಿದು ತಿಳಿದವಳು. “ಮೇಡಂ, ಅಲ್ಲಿ ಮಳೆಗಾಲದಲ್ಲಿ ಬಾವಿ ತೋಡಿದರೆ ಸಿಹಿನೀರೇ ಸಿಗುತ್ತದೆ. ಮಳೆಯ ನೀರು ಹೊಯಿಗೆ ಮರಳಿನಲ್ಲಿ ಇಳಿದು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ನಿಂತಿರುತ್ತದೆ. ಬೇಸಿಗೆಗೆ ಆ ಕೆನೆ ಮುಗಿಯುತ್ತದೆ. ಆಮೇಲೆ ಬಾವಿಯಲ್ಲಿ ಉಪ್ಪು ಬಿಟ್ಟರೆ ಬೇರೆ ಇರುವುದಿಲ್ಲ.”

“ನಮ್ಮ ಎಂಜಿನಿಯರ್ ಟೆಸ್ಟ್ ಮಾಡಿಸ್ತಾರೆ, ಡಿಯರ್,” ಎಂದರು. ಮೀಟಿಂಗಿನ ಮಿನಿಟ್ಸ್ ಬಂದಾಗ ನೋಡಿದೆ. ನಾನು ಮಾತಾಡಿದ್ದು ಅದರಲ್ಲಿ ಇರಲೇ ಇಲ್ಲ. ಮಧ್ಯಾಹ್ನದ ಊಟಕ್ಕೆ ಧನ್ಯವಾದ ಹೇಳಿದ್ದು ಮಾತ್ರ ಇತ್ತು.

ಟೆಸ್ಟ್ ಮಾಡಿಸಿದರು, ಇಲ್ಲ ಎನ್ನುವುದಿಲ್ಲ. ಆದರೆ ಯಾವಾಗ? ಟ್ರಸ್ಟಿನ ವರ್ಷ ಏಪ್ರಿಲಿಗೆ ಶುರು. ಸ್ಯಾಂಕ್ಷನ್ ಆಗುವಾಗ ಜೂನ್. ಹಣ ಬಿಡುಗಡೆಯಾಗುವಾಗ ಧೋ ಎಂದು ಮಳೆ. ಬಾವಿ ತೋಡಿದ್ದು, ಸ್ಯಾಂಪಲ್ ತೆಗೆದದ್ದು ಎಲ್ಲ ಅವರ ಕರ್ಕಿಡಕದಲ್ಲಿ. ನಮ್ಮ ಊರಿನ ಆಟಿ ತಿಂಗಳು ಅದು. ಆಗ ಅಂಗಳದಲ್ಲಿ ಗುಂಡಿ ತೋಡಿದರೂ ಸಿಹಿನೀರೇ. ಲ್ಯಾಬಿನಿಂದ ‘ಪೋಟಬಲ್’, ಕುಡಿಯಲು ಯೋಗ್ಯ, ಎಂದು ಬಂತು. ಕೊಚ್ಚಿಯ ಎಲ್ಲ ದ್ವೀಪಗಳ ಮುದುಕಿಯರೂ ಬೇಸಿಗೆಯ ಮೀನ ಮಾಸದಲ್ಲಿ ಬಾಯಿಗೆ ಹಾಕಿ ನೋಡದೆ ಬಾವಿಯನ್ನು ನಂಬುವುದಿಲ್ಲ. ಟ್ರಸ್ಟಿನ ಕ್ಯಾಲೆಂಡರಿನಲ್ಲಿ ಮೀನ ಮಾಸ ಬರುವಾಗ ಫೈಲು ಕ್ಲೋಸ್ ಆಗಿರುತ್ತದೆ.

ಓಣಂ ಕಳೆದ ಮೇಲೆ ಉದ್ಘಾಟನೆ. ಬಾವಿಯನ್ನು ಜೆಟ್ಟಿಯ ಪಕ್ಕದಲ್ಲೇ ತೋಡಿದ್ದರು, ಬಂದ ಅತಿಥಿಗಳು ಕೆಸರಿನಲ್ಲಿ ನಡೆಯುವುದು ಬೇಡ ಎಂದು. ಕೆಂಪುಕಲ್ಲಿನ ಚೆಂದದ ಕಟ್ಟೆ, ಅದಕ್ಕೊಂದು ಮಾರ್ಬಲ್ ಹಲಗೆ, ಹಲಗೆಯಲ್ಲಿ ಕಮಿಟಿಯವರೆಲ್ಲರ ಹೆಸರು. ಚೇಡತ್ತಿ ಹಲಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, “ಒಳ್ಳೇ ಕಲ್ಲು,” ಎಂದರು.

ಅಷ್ಟಕ್ಕೇ ಮುಗಿದಿದ್ದರೆ ಒಂದು ದಂಡದ ಬಾವಿ ಎಂದು ಸುಮ್ಮನಿರಬಹುದಿತ್ತು. ಆದರೆ ಟ್ರಸ್ಟು ಹೆಮ್ಮೆಯಿಂದ ಕಂಪ್ಲೀಷನ್ ರಿಪೋರ್ಟಿನ ಒಂದು ಪ್ರತಿಯನ್ನು ಸರಕಾರದ ನೀರಿನ ಆಫೀಸಿಗೂ ಕಳುಹಿಸಿತು. ಅವರಲ್ಲಿ ದೋಣಿ ಕಡಿಮೆ, ದ್ವೀಪ ಜಾಸ್ತಿ. ಈ ದ್ವೀಪಕ್ಕೆ ಕುಡಿಯುವ ನೀರಿನ ಬಾವಿ ಆಯಿತಲ್ಲ ಎಂದು ದೋಣಿಯನ್ನು ಬೇರೆ ಕಡೆಗೆ ತಿರುಗಿಸಿದರು. ಮಳೆ ನಿಂತು ಚಳಿ ಮುಗಿಯುವ ಹೊತ್ತಿಗೆ ಬಾವಿ ಉಪ್ಪಾಯಿತು. ಕಾಲು ತೊಳೆದ ನೀರಾದರೂ ಇತ್ತು ಮೊದಲು. ಈಗ ಅದೂ ಇಲ್ಲ. ಆರೋಗ್ಯ ಸುಧಾರಿಸಲಿಕ್ಕೆ ಎಂದು ಕೊಟ್ಟ ಗ್ರಾಂಟು! ಈ ವಯಸ್ಸಿನಲ್ಲಿ, ಬಿ.ಪಿ.ಯ ಮಾತ್ರೆ ತೆಗೆದುಕೊಳ್ಳುವವಳು, ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಒಂದು ಸುತ್ತು ನಡೆದು ಬರಬೇಕಾಗುತ್ತದೆ.

ನಾನು ಹೋದಾಗ ಚೇಡತ್ತಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದರು. “ಬನ್ನಿ, ಕೊಚ್ಚಮ್ಮೇ. ನಿಮ್ಮ ಬಾವಿಯಿಂದ ಉಪಕಾರವೇ ಆಯ್ತು. ಗಂಜಿಗೆ ಉಪ್ಪು ಹಾಕುವ ಕೆಲಸ ತಪ್ಪಿತು.”

ಒಳಗಿದ್ದ ಸೊಸೆ ನಗಲಿಲ್ಲ. ಅವಳ ಮಡಿಲಲ್ಲಿ ಎರಡು ವರ್ಷದ ಹುಡುಗಿ, ಚೇಡತ್ತಿಯ ಮೊಮ್ಮಗಳು, ಒಣಗಿದ ತುಟಿ, ಒಳಗೆ ಹೋದ ಕಣ್ಣು. ದ್ವೀಪದವರು ಈಗ ಖಾಸಗಿ ದೋಣಿಯವರಿಂದ ಕೊಡದ ಲೆಕ್ಕದಲ್ಲಿ ನೀರು ಕೊಳ್ಳುತ್ತಿದ್ದರು. ಆ ದೋಣಿಯವರು ಅದನ್ನು ಯಾವ ತೋಡಿನಿಂದ ತರುತ್ತಿದ್ದರೋ ದೇವರೇ ಬಲ್ಲ. ಹುಡುಗಿಗೆ ವಾಂತಿಭೇದಿಯಾಗಿ, ಎರ್ನಾಕುಲದ ಆಸ್ಪತ್ರೆಯಲ್ಲಿಟ್ಟುಕೊಂಡು ಹಿಂದಿನ ದಿನವಷ್ಟೇ ತಂದಿದ್ದರು.

“ಒಳ್ಳೆ ನೀರು ಕುದಿಸಿ ಆರಿಸಿ ಕೊಡಿ ಅಂದ್ರು ಡಾಕ್ಟರು,” ಎಂದಳು ಸೊಸೆ. “ಕುದಿಸುವುದು ನಮಗೆ ಗೊತ್ತುಂಟು. ಒಳ್ಳೆ ನೀರು ಎಲ್ಲಿಂದ ಅಂತ ಅವರು ಹೇಳ್ಲಿಲ್ಲ.”

“ಇವಳು ಇನ್ನೊಂದು ಸಲ ಮಲಗಿದ್ರೆ ಏಳುವುದಿಲ್ಲ,” ಎಂದರು ಚೇಡತ್ತಿ. ಆಗ ಅವರ ಧ್ವನಿಯಲ್ಲಿ ಗೇಲಿ ಇರಲಿಲ್ಲ. “ನಮಗೆ ಬಾವಿ ಬೇಡ, ತೊಟ್ಟಿಯೂ ಬೇಡ. ದೋಣಿ ವಾಪಸ್ ತರಿಸಿಕೊಡಿ. ಅಷ್ಟು ಮಾಡಿ.”

ಅಲ್ಲಿಂದ ನೇರ ನೀರಿನ ಆಫೀಸಿಗೆ ಹೋದೆ. ಅಲ್ಲಿಯ ಎಂಜಿನಿಯರ್ ಸಭ್ಯ ಮನುಷ್ಯ; ಕುಳಿತುಕೊಳ್ಳಲು ಹೇಳಿ ಚಾಯ ತರಿಸಿದರು. ಓದಿದ ಹೆಂಗಸರನ್ನೆಲ್ಲ ಅಲ್ಲಿ ಟೀಚರ್ ಎನ್ನುವುದು ರೂಢಿ. “ನೀವು ಹೇಳುವುದು ಸುಳ್ಳಲ್ಲ, ಟೀಚರೇ. ಆದರೆ ನಿಮ್ಮ ಟ್ರಸ್ಟೇ ಬಾವಿ ಕುಡಿಯಲು ಯೋಗ್ಯ ಅಂತ ಬರೆದುಕೊಟ್ಟಿದೆ. ಅಲ್ಲಿ ಕುಡಿಯುವ ನೀರಿಲ್ಲ ಅಂತ ಅದೇ ಟ್ರಸ್ಟಿನಿಂದ ಒಂದು ಅಕ್ಷರ ಬರಲಿ, ಮಾರನೇ ವಾರ ದೋಣಿ ಹಾಕ್ತೇನೆ. ಬರೀ ನಿಮ್ಮ ಬಾಯಿಮಾತಿನ ಮೇಲೆ ಹಾಕಿದರೆ ಬೇರೆ ದ್ವೀಪದವರು ನನ್ನ ಕುತ್ತಿಗೆ ಹಿಡೀತಾರೆ.”

ಬಾವಿಯ ನೀರನ್ನು ಲ್ಯಾಬಿಗೆ ಕೊಟ್ಟೆ. ಕ್ಲೋರೈಡು ಮಿತಿ ಮೀರಿದೆ ಎಂದು ಬಂತು. ಆ ಕಾಗದ ಹಿಡಿದು, ಒಂದು ಬಾಟ್ಲಿ ನೀರನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಮೀಟರ್ ಗೇಜ್ ರೈಲಿನಲ್ಲಿ ಕೋಟ್ಟಯಂ ಮೇಲೆ ತಿರುವನಂತಪುರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ, ಎಲೊಕ್ಯೂಷನ್ ಕಾಂಪಿಟಿಷನ್ನಿಗೆ ಹೊರಟ ಹುಡುಗಿಯ ಹಾಗೆ.

ಒಂದೂ ಬೇಕಾಗಲಿಲ್ಲ. ಸೆಕ್ರೆಟರಿ ಮೇಡಂ ಲ್ಯಾಬಿನ ಕಾಗದ ಓದಿ, ಮಡಚಿ, ನನಗೇ ವಾಪಸು ಕೊಟ್ಟರು. “ಫೈಲ್ ಕ್ಲೋಸ್ ಆಗಿದೆ. ಕ್ಲೋಸ್ ಆದ ಗ್ರಾಂಟನ್ನು ಫೇಲ್ಯೂರ್ ಅಂತ ಬರೆದರೆ ಮುಂದಿನ ವರ್ಷ ದಾನಿಗಳು ಒಂದು ಕಾಸು ಕೊಡುವುದಿಲ್ಲ. ಬೇರೆ ಹಳ್ಳಿಗಳ ಗತಿ ಏನು? ಬಿ ಪ್ರ್ಯಾಕ್ಟಿಕಲ್.”

“ಅಲ್ಲಿ ಮಕ್ಕಳು ಕಾಯಿಲೆ ಬೀಳ್ತಾ ಇದ್ದಾರೆ, ಮೇಡಂ.”

“ಅದಕ್ಕೇ ಹೇಳುವುದು. ದಾನಿಗಳ ಪ್ರತಿನಿಧಿ ಬರುತ್ತಿದ್ದಾರೆ, ಬಾವಿ ನೋಡಲಿಕ್ಕೆ. ಅವರಿಗೆ ಸಂತೋಷವಾದರೆ ಮುಂದೆ ತೊಟ್ಟಿಯ ವಿಷಯ ನೋಡೋಣ.” ಆಮೇಲೆ ಸ್ವರ ತಗ್ಗಿಸಿ, ಅಡುಗೆಯ ಗುಟ್ಟು ಹೇಳುವವರ ಹಾಗೆ ಹೇಳಿದರು, “ಅಷ್ಟರಲ್ಲಿ ಬಾವಿಯನ್ನು ಸ್ವಲ್ಪ ಫ್ರೆಶನ್ ಮಾಡಿಸು.”

ನನಗೆ ತಿಳಿಯಲಿಲ್ಲ. ಕಮಿಟಿಯಲ್ಲಿದ್ದ ನಿವೃತ್ತ ಎಂಜಿನಿಯರ್ ಬಿಡಿಸಿ ಹೇಳಿದರು. ದುಡ್ಡು ಕಟ್ಟಿದರೆ ನೀರಿನ ಆಫೀಸಿನವರು ಒಂದು ದೋಣಿ ನೀರು ಕೊಡುತ್ತಾರೆ. ಪ್ರತಿನಿಧಿ ಬರುವ ಬೆಳಿಗ್ಗೆ ಅದನ್ನು ತರಿಸಿ, ಪಂಪ್ ಹಾಕಿ, ಮೆಲ್ಲನೆ ಬಾವಿಗೆ ಬಿಡುವುದು. ಸಿಹಿನೀರು ಹಗುರ, ಕಲಕದಿದ್ದರೆ ಮಧ್ಯಾಹ್ನದವರೆಗೆ ಮೇಲೇ ನಿಲ್ಲುತ್ತದೆ. “ನೀವೇ ಮೀಟಿಂಗಿನಲ್ಲಿ ಹೇಳಿದಿರಲ್ಲ, ಕೆನೆಯ ಹಾಗೆ ಅಂತ,” ಎಂದು ನನ್ನನ್ನು ನೋಡಿ ನಕ್ಕರು. ಮಿನಿಟ್ಸಿನಲ್ಲಿ ಇಲ್ಲದ ನನ್ನ ಮಾತು ಅವರ ನೆನಪಿನಲ್ಲಿ ಭದ್ರವಾಗಿತ್ತು.

ನೀರಿನ ಆಫೀಸಿಗೆ ಅರ್ಜಿ ಅಲ್ಲೇ ಟೈಪಾಯಿತು: ಇಂಥ ದ್ವೀಪಕ್ಕೆ ಒಂದು ದೋಣಿ ಕುಡಿಯುವ ನೀರು ಬೇಕಾಗಿದೆ. ಸೆಕ್ರೆಟರಿ ಮೇಡಂ ಓದದೆ ಸಹಿ ಹಾಕಿ, ಟ್ರಸ್ಟಿನ ಮೊಹರು ಒತ್ತಿ ಕೊಟ್ಟರು.

ಮನೆಗೆ ಬಂದು ಹೇಳಿದೆ. ನಮ್ಮವರು ಪೇಪರು ಕೆಳಗಿಟ್ಟರು. “ಎಂತ? ಬಾವಿಗೆ ನೀರು ಹೊಯ್ಯುದಾ? ಇದು ನಮ್ಮ ಬ್ಯಾಂಕಿನಲ್ಲಿ ಆಡಿಟ್ ಬರುವಾಗ ಪಕ್ಕದ ಬ್ರಾಂಚಿಂದ ಕ್ಯಾಶ್ ತಂದು ಇಟ್ಟ ಹಾಗಾಯ್ತಲ್ಲ, ಮಾರಾಯ್ತಿ! ಜೈಲಿಗೆ ಹಾಕ್ತಾರೆ ನಮ್ಮನ್ನಾದ್ರೆ.”

ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ನಮ್ಮ ಮಗಳು ಹೋಂವರ್ಕಿನಿಂದ ತಲೆ ಎತ್ತಿ, “ಕಿಣಟ್ಟಿಲೇಕ್ ವೆಳ್ಳಮೋ?” ಎಂದಳು. ಬಾವಿಗೆ ನೀರಾ? ಅವಳು ನಕ್ಕಳು ನಕ್ಕಳು, ಬಿಕ್ಕಳಿಕೆ ಬರುವವರೆಗೆ ನಕ್ಕಳು. ನಾನು ಅವಳಿಗೆ ನೀರು ಕುಡಿಸಿದೆ. ನಮ್ಮ ನಲ್ಲಿಯ ನೀರು.

ಪ್ರತಿನಿಧಿ ಬರುವ ದಿನ ಬೆಳಿಗ್ಗೆ ನೀರಿನ ದೋಣಿಯಲ್ಲೇ ದ್ವೀಪಕ್ಕೆ ಹೊರಟೆ. ಜೊತೆಗೆ ಸ್ರಾಂಗ್, ಎಂದರೆ ದೋಣಿ ನಡೆಸುವವನು, ಮತ್ತು ಗದ್ದೆಯವರಿಂದ ಬಾಡಿಗೆಗೆ ತಂದ ಆಯಿಲ್ ಎಂಜಿನ್ ಪಂಪ್. ಮೂಡಣದಲ್ಲಿ ಅಂಬಲಮುಗಳಿನ ಹೊಸ ರಿಫೈನರಿಯ ಹೊಗೆ ಕಾಣುತ್ತಿತ್ತು. ನಾನು ಏನನ್ನೂ ನಿಶ್ಚಯ ಮಾಡಿರಲಿಲ್ಲ. ಈ ಒಂದು ಬೆಳಿಗ್ಗೆ ಕಳೆದರೆ ಮುಂದೆ ತೊಟ್ಟಿ ಬರಬಹುದು ಎಂದು ನನಗೆ ನಾನೇ ಸೆಕ್ರೆಟರಿ ಮೇಡಮ್ಮಿನ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಜೆಟ್ಟಿ ಹತ್ತಿರವಾದಾಗ ಯಾರೋ ಕೂಗಿದ್ದು ಕೇಳಿಸಿತು: “ದೋಣಿ ಬಂತೇ! ದೋಣಿ!”

ಬಾವಿಗೆ ಬಿಡುವ ನೀರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಕಂಡದ್ದು ತಮ್ಮ ಹಳೆಯ ದೋಣಿಯನ್ನು. ಸಿಗಡಿ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು, ಒಲೆಯ ಮುಂದಿನಿಂದ ಎದ್ದು ಬಂದರು. ಮಣ್ಣಿನ ಕೊಡ, ಅಲ್ಯುಮಿನಿಯಂ ಕಲಶ, ಅನ್ನದ ಚರಿಗೆ, ಮಗು ಮೀಯಿಸುವ ಪಾತ್ರೆ. ದೂಡಾಟವಿಲ್ಲದೆ, ಯಾರೂ ಹೇಳದೆ, ಬಾವಿಕಟ್ಟೆಯನ್ನು ಬಳಸಿಕೊಂಡು ಸಾಲು ನಿಂತರು. ಸಾಲಿನ ಮುಂದೆ ಚೇಡತ್ತಿ.

“ತರಿಸಿಬಿಟ್ರಲ್ಲ, ಕೊಚ್ಚಮ್ಮೇ! ನಾನು ಹೇಳಿದ್ದೆ ಇವರಿಗೆ, ಆ ಕನ್ನಡತಿ ಹಟದವಳು ಅಂತ.”

ಸ್ರಾಂಗ್ ಹೋಸ್ ಪೈಪು ಹಿಡಿದು ನಿಂತಿದ್ದ. ಬಾವಿಗೆ ಬಿಡಬೇಕೆಂದು ಟ್ರಸ್ಟಿನವರು ಅವನಿಗೆ ಮೊದಲೇ ಹೇಳಿದ್ದರು. ಕೊಡಗಳನ್ನು ನೋಡಿದ, ಬಾವಿಯನ್ನು ನೋಡಿದ, ನನ್ನನ್ನು ನೋಡಿದ. “ಎಲ್ಲಿಗೆ ಬಿಡ್ಲಿ, ಟೀಚರೇ?”

ಈ ಪ್ರಶ್ನೆಗೆ ನಾನು ಧೈರ್ಯದಿಂದ ಉತ್ತರ ಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಧೈರ್ಯವಲ್ಲ; ಆ ಸಾಲಿನ ಮುಂದೆ ನಿಂತು, ‘ಇದು ನಿಮಗಲ್ಲ, ಉಪ್ಪುಬಾವಿಗೆ’ ಎಂದು ಹೇಳಲು ನಾಲಿಗೆ ತಿರುಗಲಿಲ್ಲ. ಮಲಯಾಳದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

“ಕೊಡಗಳಿಗೆ,” ಎಂದೆ.

“ಬಾವಿಗೆ?”

“ಬಾವಿ ಕಾಯಿಲೆ ಬಿದ್ದಿಲ್ಲ. ಕೊಡಗಳಿಗೆ ಬಿಡು.”

ಅವನು ಬೀಡಿಯನ್ನು ನೀರಿಗೆ ಎಸೆದು ಪಂಪಿನ ಹಗ್ಗ ಎಳೆದ. ಈ ಸಲ ಯಾರೂ ದೋಣಿಯೊಳಗೆ ಇಳಿಯಬೇಕಾಗಲಿಲ್ಲ. ಪೈಪಿನ ಬಾಯಿ ಕೊಡದಿಂದ ಕೊಡಕ್ಕೆ ಹೋಯಿತು. ಚೇಡತ್ತಿಯ ಸೊಸೆ ಮೊದಲ ಕೊಡ ಹೊತ್ತು ಓಡುವ ಹಾಗೆಯೇ ಹೋದಳು. ಮುಂದೆ ಸ್ವಲ್ಪ ಹೊತ್ತಿಗೆ ಅವಳ ಅಡುಗೆಮನೆಯ ಮಾಡಿನಿಂದ ಹೊಗೆ ಎದ್ದಿತು.

ಅರ್ಧ ಸಾಲು ಮುಗಿಯುವಾಗ ಸೆಕ್ರೆಟರಿ ಮೇಡಮ್ಮಿನ ಮೋಟಾರು ಬೋಟು ಬಂತು. ಪ್ರತಿನಿಧಿ ಎತ್ತರದ, ಬಿಸಿಲಿಗೆ ಕೆಂಪಾದ ಮನುಷ್ಯ, ಕುತ್ತಿಗೆಯಲ್ಲಿ ಕ್ಯಾಮೆರಾ. ಬಾವಿ, ಬಾವಿಯ ಸುತ್ತ ಕೊಡ ಹಿಡಿದ ಹೆಂಗಸರು, ನಗು, ಗಲಾಟೆ! ಅವರಿಗೆ ಆನಂದವೋ ಆನಂದ. “ಮಾರ್ವೆಲಸ್!” ಎನ್ನುತ್ತಾ ಫೋಟೋ ಮೇಲೆ ಫೋಟೋ ತೆಗೆದರು. ಸೆಕ್ರೆಟರಿ ಮೇಡಮ್ಮಿನ ಕಣ್ಣು ಪೈಪಿನ ಮೇಲೆ ಬಿತ್ತು. ಮುಖದಲ್ಲಿ ಗಂಜಿ ಇನ್ನೂ ಗಟ್ಟಿಯಾಯಿತು.

ನಾನು ಮುಂದೆ ಹೋಗಿ ಇಂಗ್ಲಿಷಿನಲ್ಲೇ ಹೇಳಿದೆ, ಒಂದೊಂದು ಶಬ್ದವನ್ನೂ ಬಿಡಿಸಿ: ಸರ್, ಈ ನೀರು ಬಾವಿಯದ್ದಲ್ಲ, ದೋಣಿಯದ್ದು. ಬಾವಿ ಉಪ್ಪಾಗಿದೆ. ಬಾವಿ ಇದೆ ಎಂದು ಇವರಿಗೆ ದೋಣಿ ನಿಂತಿದೆ.

“ಅವಳು ಹೇಳುವುದು ಬೇಸಿಗೆಯ ವಿಷಯ,” ಎಂದರು ಸೆಕ್ರೆಟರಿ ಮೇಡಂ, ನನ್ನ ಭುಜದ ಮೇಲೆ ಕೈ ಇಟ್ಟು. “ಸ್ಲೈಟ್ಲಿ ಸೀಸನಲ್.”

“ಹೌ ಇಂಟರೆಸ್ಟಿಂಗ್,” ಎಂದರು ಪ್ರತಿನಿಧಿ. ಅಷ್ಟರಲ್ಲಿ ಯಾರೋ ಎಳನೀರು ಕೆತ್ತಿ ಕೈಗೆ ಕೊಟ್ಟರು. ಅದನ್ನು ಕುಡಿದು, ಗಡಿಯಾರ ನೋಡಿದರು. ಅವರಿಗೆ ಮಾರನೆಯ ದಿನ ತಿರುವನಂತಪುರದ ಹತ್ತಿರದ ತುಂಬಾದಲ್ಲಿ ರಾಕೆಟ್ ಹಾರಿಸುವುದನ್ನು ನೋಡಲಿಕ್ಕಿತ್ತು. ಆ ಮನುಷ್ಯ ಬಾವಿಯೊಳಗೆ ಇಣುಕಿಯೂ ನೋಡಲಿಲ್ಲ. ಅಯ್ಯೋ, ಆ ಒಂದು ದೋಣಿ ನೀರನ್ನು ಬಾವಿಗೆ ಹೊಯ್ದಿದ್ದರೂ ಅದನ್ನು ಕೇಳುವವರಿರಲಿಲ್ಲ!

ಮಧ್ಯಾಹ್ನವೇ ನೀರಿನ ಆಫೀಸಿಗೆ ಹೋದೆ. ಈ ಸಲ ಚೇಡತ್ತಿಯೂ ಬಂದರು, ಹಬ್ಬದ ಮುಂಡು ಉಟ್ಟುಕೊಂಡು. ಎಂಜಿನಿಯರ್ ಮೇಜಿನ ಮೇಲೆ ಸೆಕ್ರೆಟರಿ ಮೇಡಂ ಸಹಿ ಹಾಕಿದ ಅರ್ಜಿ ಇತ್ತು.

“ಸರ್, ಟ್ರಸ್ಟಿನಿಂದ ಒಂದು ಅಕ್ಷರ ಬರಲಿ ಅಂದಿರಲ್ಲ,” ಎಂದೆ. “ಬಂದಿದೆ. ದ್ವೀಪಕ್ಕೆ ಕುಡಿಯುವ ನೀರು ಬೇಕಾಗಿದೆ ಅಂತ ಟ್ರಸ್ಟೇ ಬರೆದು, ದುಡ್ಡು ಕಟ್ಟಿ ತರಿಸಿಕೊಂಡಿದೆ.”

ಅವರು ಅರ್ಜಿಯನ್ನು ಓದಿದರು. ಇನ್ನೊಮ್ಮೆ ಓದಿದರು. “ಸ್ರಾಂಗ್ ನೀರು ಎಲ್ಲಿ ಖಾಲಿ ಮಾಡಿದ?”

ನಾನು ಬಾಯಿ ತೆಗೆಯುವ ಮೊದಲೇ ಚೇಡತ್ತಿ ಹೇಳಿದರು, “ಹೆಂಗಸರ ಕೊಡಕ್ಕೆ, ಸಾರೇ. ಮತ್ತೆಲ್ಲಿ ಮಾಡ್ತಾನೆ? ಕುಡಿಯುವ ನೀರನ್ನು ಯಾವ ಹುಚ್ಚನಾದರೂ ಬಾವಿಗೆ ಹೊಯ್ತಾನಾ?”

ಚೇಡತ್ತಿಗೆ ಎಲ್ಲ ಗೊತ್ತಾಗಿತ್ತು ಎಂದು ನನಗೆ ಆಗ ತಿಳಿಯಿತು. ಎಂಜಿನಿಯರ್ ಮುಖ ತಗ್ಗಿಸಿ ನಗು ನುಂಗಿಕೊಂಡು, ಅರ್ಜಿಯ ಅಂಚಿನಲ್ಲಿ ಆರ್ಡರು ಬರೆದರು. ಮಾರನೆಯ ವಾರದಿಂದ ದೋಣಿ ಬಂತು. ಆ ಹುಡುಗಿ ಮತ್ತೆ ಮಲಗಲಿಲ್ಲ. ಮದುವೆಗೆ ನನ್ನನ್ನು ಕರೆದಿದ್ದಳು, ಹೋಗಿದ್ದೆ.

ನನಗೆ ಬಂದದ್ದು ಟ್ರಸ್ಟಿನ ಕಾಗದ: ಗ್ರಾಂಟಿನ ಸಂಪನ್ಮೂಲವನ್ನು ಉದ್ದೇಶಿತ ಕೆಲಸಕ್ಕೆ ಬಳಸದೆ ದುರುಪಯೋಗ ಮಾಡಿದ್ದರಿಂದ ನಿಮ್ಮ ಸೇವೆ ಇನ್ನು ಅಗತ್ಯವಿಲ್ಲ. ಇಂಗ್ಲಿಷು ನಿರ್ದೋಷವಾಗಿತ್ತು. ಉದ್ದೇಶಿತ ಕೆಲಸ! ನಮ್ಮವರು ಅದನ್ನು ಓದಿ, “ಫ್ರೇಮ್ ಹಾಕಿಸುವನಾ?” ಎಂದರು.

ಮುಂದಿನ ಬೇಸಿಗೆಗೆ ಚೇಡತ್ತಿ ಹೇಳಿಕಳುಹಿಸಿದರು. ಹೋಗಿ ನೋಡಿದರೆ ಬಾವಿಗೆ ಕಟ್ಟೆಯೇ ಇಲ್ಲ. ಬಾಯಿಗೆ ತೆಂಗಿನ ಹಲಗೆ ಬಡಿದು ಮುಚ್ಚಿದ್ದಾರೆ. ಕಟ್ಟೆಯ ಕೆಂಪುಕಲ್ಲು ಕಿತ್ತು, ತಾವೇ ಗಾರೆ ಕಲಸಿ, ಜೆಟ್ಟಿಯ ಪಕ್ಕ ತೊಟ್ಟಿ ಕಟ್ಟಿಕೊಂಡಿದ್ದರು. ಮೇಲೆ ಮುಚ್ಚಳ, ಕೆಳಗೆ ಎರಡು ನಲ್ಲಿ. ಮಾರ್ಬಲ್ ಹಲಗೆಯನ್ನು ಮಗುಚಿ ಹಾಕಿ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು.

“ಒಳ್ಳೇ ಕಲ್ಲು ಅಂತ ಆವತ್ತೇ ಹೇಳಿದ್ದೆ,” ಎಂದರು ಚೇಡತ್ತಿ.

ಟ್ರಸ್ಟಿನ ವಾರ್ಷಿಕ ವರದಿಗಳು ಮಾತ್ರ ನಮ್ಮ ವಿಳಾಸಕ್ಕೆ ಬರುವುದು ನಿಲ್ಲಲಿಲ್ಲ. ಹೆಸರು ಹೊಡೆಯಲು ಮರೆತಿರಬೇಕು. ಆ ವರ್ಷದ ವರದಿಯ ಮುಖಪುಟದಲ್ಲೇ ಪ್ರತಿನಿಧಿ ತೆಗೆದ ಫೋಟೋ. ಬಾವಿಕಟ್ಟೆ, ಸುತ್ತ ಕೊಡ ಹಿಡಿದು ನಗುವ ಹೆಂಗಸರು. ‘ತಮ್ಮದೇ ಬಾವಿಯ ಬಳಿ ದ್ವೀಪದ ಮಹಿಳೆಯರು’ ಎಂದು ಕೆಳಗೆ ಒಕ್ಕಣೆ. ಎಡತುದಿಯಲ್ಲಿ ನೀರಿನ ದೋಣಿಯ ಮೂತಿ ಒಂದಿಷ್ಟು ಕಾಣುತ್ತಿತ್ತು. ಮರುವರ್ಷ ಅದೇ ಫೋಟೋ ಮತ್ತೆ ಹಾಕಿದರು, ಬಾವಿಗೆ ಕಟ್ಟೆಯೇ ಇಲ್ಲದ ಕಾಲದಲ್ಲಿ. ಈ ಸಲ ಯಾರೋ ನೀಟಾಗಿ ಎಡತುದಿಯನ್ನು ಕತ್ತರಿಸಿ ದೋಣಿಯನ್ನು ತೆಗೆದಿದ್ದರು.

ಎರಡನ್ನೂ ಇಟ್ಟುಕೊಂಡಿದ್ದೇನೆ. ಕತ್ತರಿಸಿದವರು ಒಂದನ್ನು ಗಮನಿಸಲಿಲ್ಲ. ಆ ಫೋಟೋದಲ್ಲಿರುವ ಹೆಂಗಸರೆಲ್ಲರೂ ಎಡಕ್ಕೆ ನೋಡುತ್ತಿದ್ದಾರೆ. ಬಾವಿಯ ಕಡೆ ನೋಡುವವಳು ಒಬ್ಬಳೂ ಇಲ್ಲ.